ಕಂತು–ಪಾಯಿಂಟು ಮೀಮಾಂಸೆ

ಧಾರವಾಡ ತಾಲೂಕಿನ ಗರಗವು ಲೋಕಕ್ಕೆ ಎರಡು ಕಾರಣಗಳಿಂದ ಪರಿಚಿತ. ಒಂದು ಮಡಿವಾಳೇಶ್ವರ ಮಠ. ಇನ್ನೊಂದು ರಾಷ್ಟ್ರಧ್ವಜಕ್ಕೆಂದು ಇಲ್ಲಿ ನೇಯುವ ಖಾದಿ ಬಟ್ಟೆ. ಈಚೆಗೆ ಮೂರನೆಯದೊಂದು ಹುಟ್ಟಿಕೊಂಡಿದೆ. ವಿದ್ವಾಂಸರು ಅದರತ್ತ ಕಣ್ಣೆತ್ತಿಯೂ ನೋಡದ ಕಾರಣ ಆ ಭಾರ ಪ್ರಸ್ತುತ ಪ್ರಬಂಧಕಾರನ ಹೆಗಲಿಗೆ ಬಿದ್ದಿದೆ. ಊರ ಬ್ಯಾಂಕಿನಲ್ಲಿ ಎತ್ತಿದ ಶಿಕ್ಷಣ ಸಾಲದ ಕಂತನ್ನು ಕ್ರೆಡಿಟ್ ಕಾರ್ಡಿನಿಂದ ತುಂಬಿ, ತುಂಬಿದ್ದಕ್ಕೆ ರಿವಾರ್ಡ್ ಪಾಯಿಂಟು ಗಿಟ್ಟಿಸುವ ವಿದ್ಯೆಯೇ ಅದು.

ಅಧ್ಯಯನಕ್ಕೆ ಆರಿಸಿಕೊಂಡ ವ್ಯಕ್ತಿ ಒಬ್ಬನೇ. ಸಂಖ್ಯಾಶಾಸ್ತ್ರದವರು ಮೂಗು ಮುರಿಯಬಹುದು. ಆದರೆ ಬೆಂಕಿಯಿದೆ ಎಂದು ಸಾಧಿಸಲು ನಮ್ಮ ನೈಯಾಯಿಕರಿಗೆ ಒಂದೇ ಗುಡ್ಡದ ಹೊಗೆ ಸಾಕಾಗಿತ್ತು. ಈತ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಇನ್ನು ಮುಂದೆ ಇವನನ್ನು ‘ಸಾಧಕ’ ಎಂದು ಕರೆಯಲಾಗುವುದು. ಹೆಸರು ಹೇಳಿದರೆ ಹೆಣ್ಣು ಕೊಡುವವರು ಹಿಂದೆ ಸರಿದಾರು. ಸಾಲ ನಾಲ್ಕು ಲಕ್ಷ, ಬಡ್ಡಿ ನೂರಕ್ಕೆ ಹತ್ತು, ಅವಧಿ ಏಳು ವರ್ಷ, ತಿಂಗಳ ಕಂತು 6,640 ರೂಪಾಯಿ. 2001ರ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ ನಾಲ್ಕು ಲಕ್ಷದ ತನಕ ಒತ್ತೆ ಬೇಕಿಲ್ಲ. ಒತ್ತೆಯ ಜಾಗದಲ್ಲಿ ಅಪ್ಪನ ಸಹಿ ಇರುತ್ತದೆ.

ಜಾತ್ರೆಗೆ ಊರಿಗೆ ಬಂದ ಸಾಧಕ ತನ್ನ ಮತವನ್ನು ಕಟ್ಟೆಯ ಮೇಲೆ ಮಂಡಿಸಿದ. ಪೂರ್ವಪಕ್ಷ ಹೀಗಿದೆ:

“ಕಾಕಾ, ಕಾರ್ಡಿನ್ಯಾಗ ತುಂಬಿದ್ರ ನಲವತ್ತೈದ ದಿವಸ ಬಡ್ಡಿ ಇಲ್ಲ. ಮ್ಯಾಲೆ ಪಾಯಿಂಟ್ ಬರ್ತಾವ.”

“ಪಾಯಿಂಟ್ ಅಂದ್ರ?”

“ನೂರು ರೂಪಾಯಿಗೆ ಒಂದು.”

“ಒಂದು ಏನೋ? ರೂಪಾಯೇನು?”

“ರೂಪಾಯಿ ಅಲ್ಲ ಕಾಕಾ. ಪಾಯಿಂಟ್. ನಾಕು ಕೂಡಿದ್ರ ಒಂದು ರೂಪಾಯಿ.”

“ಹಂಗಾರ ನಾಕಾಣೆ ಅನ್ನೋ ತಮ್ಮಾ. ಅದಕ್ಯಾಕ ಇಂಗ್ಲೀಷು?”

ಇದು ಮಹತ್ತ್ವದ ಸಂಶೋಧನೆ. ನಾಲ್ಕಾಣೆಯ ನಾಣ್ಯ 2011ರ ಜೂನ್ 30ರಂದು ಅಧಿಕೃತವಾಗಿ ಕಣ್ಣು ಮುಚ್ಚಿತ್ತು. ಅದೇ ಈಗ ಪಾಯಿಂಟಾಗಿ ಮರುಜನ್ಮ ತಳೆದಿದೆಯೆಂಬುದನ್ನು ಯಾವ ಅರ್ಥಶಾಸ್ತ್ರಜ್ಞನಿಗಿಂತಲೂ ಮೊದಲು ಕಂಡುಹಿಡಿದ ಕೀರ್ತಿ ಗರಗದ ಕಟ್ಟೆಗೆ ಸಲ್ಲಬೇಕು. ಬಡ್ಡಿಯಿಲ್ಲದ ನಲವತ್ತೈದು ದಿನವೂ ಊರಿಗೆ ಹೊಸದಲ್ಲ. ಕೈಗಡ ಇಲ್ಲಿ ತಲೆತಲಾಂತರದಿಂದ ನಡೆದಿದೆ, ಸುಗ್ಗಿಯ ತನಕ ಯಾರೂ ಬಾಯಿ ಬಿಡುವುದಿಲ್ಲ. ವ್ಯತ್ಯಾಸ ಇಷ್ಟೇ: ಕೈಗಡ ಕೊಟ್ಟವನು ದಿನಾ ಸಂತೆಯಲ್ಲೋ ಗುಡಿಯಲ್ಲೋ ಎದುರಾಗುತ್ತಾನೆ, ಕಾರ್ಡು ಕೊಟ್ಟವನು ನಲವತ್ತಾರನೆಯ ದಿನ ಮಾತ್ರ. ಅಂದ ಹಾಗೆ, ಸಾಹುಕಾರರ ಕಾಟ ತಾಳಲಾರದೆ ಜನರೇ ಕೂಡಿ ಸಾಲದ ಸಹಕಾರ ಸಂಘ ಕಟ್ಟಿದ್ದೂ ಇದೇ ಸೀಮೆಯಲ್ಲಿ. 1905ರಲ್ಲಿ ಸಿದ್ದನಗೌಡ ಪಾಟೀಲರು ಅದನ್ನು ಶುರು ಮಾಡಿದ ಕಣಗಿನಹಾಳ ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಈಗ ಗದಗಿನಲ್ಲಿದೆ. ಆ ಸಂಘದಲ್ಲಿ ಪಾಯಿಂಟು ಇರಲಿಲ್ಲ. ಇದೊಂದು ಐತಿಹಾಸಿಕ ಕೊರತೆ.

ಇನ್ನು ಶಬ್ದಪ್ರಮಾಣ. ಸಾಲದ ಶಾಸ್ತ್ರಕ್ಕೆ ಕನ್ನಡ ನೆಲದಿಂದ ಎದ್ದ ಅತಿ ದೊಡ್ಡ ಆಧಾರಗ್ರಂಥ ವಿಜ್ಞಾನೇಶ್ವರನ ಮಿತಾಕ್ಷರಾ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಈತ ಬರೆದ ವ್ಯಾಖ್ಯಾನವನ್ನು ಮುಂಬಯಿ ಇಲಾಖೆಯ ಕೋರ್ಟುಗಳು ಇಪ್ಪತ್ತನೆಯ ಶತಮಾನದಲ್ಲೂ ತಿರುವಿಹಾಕುತ್ತಿದ್ದವು. ಧಾರವಾಡ ಆ ಇಲಾಖೆಗೇ ಸೇರಿತ್ತು. ಒತ್ತೆಯಿಟ್ಟು ಎತ್ತಿದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಪಾಲು, ಅಂದರೆ ನೂರಕ್ಕೆ ಒಂದೂಕಾಲು ಬಡ್ಡಿ ಎನ್ನುತ್ತದೆ ಸ್ಮೃತಿ. ಅಡವಿ ಹಾಯ್ದು ವ್ಯಾಪಾರಕ್ಕೆ ಹೋಗುವವನಿಗೆ ನೂರಕ್ಕೆ ಹತ್ತು, ಸಮುದ್ರ ದಾಟುವವನಿಗೆ ಇಪ್ಪತ್ತು. ಜೀವದ ಅಪಾಯ ಹೆಚ್ಚಿದಂತೆ ಬಡ್ಡಿಯೂ ಏರುತ್ತದೆ. ಬಿಲ್ ತುಂಬಲು ಮರೆತವನಿಗೆ ಕಾರ್ಡು ಹಾಕುವ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆಯ ಆಸುಪಾಸು. ಹಾಗಾದರೆ ಎಚ್‌ಎಸ್‌ಆರ್ ಲೇಔಟಿನ ಪಿಜಿಯಲ್ಲಿ ಮಲಗಿ ಆ್ಯಪ್ ಒತ್ತುವವನು ಸ್ಮೃತಿಯ ಲೆಕ್ಕದಲ್ಲಿ ಅಡವಿಯ ದಾರಿಯನ್ನು ಮೂರರಲ್ಲೊಂದು ಪಾಲು ಕ್ರಮಿಸಿದಂತಾಯಿತು.

ಬಡ್ಡಿ ಎಲ್ಲಿಗೆ ನಿಲ್ಲಬೇಕು ಎಂಬುದಕ್ಕೂ ಅಲ್ಲಿ ಗಡಿಯುಂಟು. ಚಿನ್ನದ ಸಾಲ ಬೆಳೆದು ಎರಡರಷ್ಟಾಗಬಹುದು, ಕಾಳಿನದು ಮೂರರಷ್ಟು, ಬಟ್ಟೆಯದು ನಾಲ್ಕರಷ್ಟು, ಎಣ್ಣೆ-ತುಪ್ಪದಂಥ ರಸಪದಾರ್ಥ ಎಂಟರಷ್ಟು. ಈ ಎರಡರಷ್ಟರ ಗಡಿಯನ್ನೇ ‘ದಾಮದುಪ್ಪಟ್’ ಎಂಬ ಹೆಸರಿನಲ್ಲಿ ಮುಂಬಯಿ ಹೈಕೋರ್ಟು ಎತ್ತಿ ಹಿಡಿಯಿತು. ಬಟ್ಟೆಯ ಊರಾದ ಗರಗಕ್ಕೆ ನಾಲ್ಕರ ನಿಯಮ ಅನ್ವಯಿಸಬೇಕೆಂದು ವಾದಿಸಬಹುದು. ಆದರೆ ಕಾರ್ಡಿನವರಿಗೆ ಈ ಅಂಶ ತಿಳಿಯದಿರುವುದೇ ಕ್ಷೇಮ.

ಎಲ್ಲಕ್ಕಿಂತ ತೊಡಕಿನ ವಚನ ಮುಂದಿದೆ. ಮಗ ಮಾಡಿದ ಸಾಲವನ್ನು ಅಪ್ಪ ತೀರಿಸಬೇಕಿಲ್ಲ, ಕುಟುಂಬಕ್ಕಾಗಿ ಮಾಡಿದ್ದರ ಹೊರತು. ಎಂಟು ಸೆಮಿಸ್ಟರುಗಳ ಮೆಕ್ಯಾನಿಕಲ್ ಎಂಜಿನಿಯರಿಂಗು ಕುಟುಂಬಾರ್ಥವೋ ಸ್ವಾರ್ಥವೋ? ಅದೇ ಮಗ ಸಾಫ್ಟ್‌ವೇರಿಗೆ ಸೇರಿದರೆ? ಬ್ಯಾಂಕು ಈ ಜಿಜ್ಞಾಸೆಗೆ ತಲೆ ಕೆಡಿಸಿಕೊಳ್ಳದೆ ಅಪ್ಪನನ್ನು ಸಹ-ಸಾಲಗಾರ ಎಂಬ ಕಾಲಮಿನಲ್ಲಿ ಕೂಡಿಸಿಬಿಟ್ಟಿದೆ. ವಿಜ್ಞಾನೇಶ್ವರ ಪುಟಗಟ್ಟಲೆ ಬರೆದದ್ದನ್ನು ಒಂದು ಟಿಕ್ ಮಾರ್ಕು ಮುಗಿಸಿತು.

ಆಚರಣೆಯಲ್ಲಿ ಸಾಧಕನಿಗೆ ಎದುರಾದ ಮೊದಲ ವಿಘ್ನವೆಂದರೆ, ಬ್ಯಾಂಕು ಸಾಲದ ಕಂತನ್ನು ಕಾರ್ಡಿನಲ್ಲಿ ತೆಗೆದುಕೊಳ್ಳುವುದಿಲ್ಲ. ಉಳಿತಾಯ ಖಾತೆಯಿಂದಲೇ ಕತ್ತರಿಸಿಕೊಳ್ಳುತ್ತದೆ. ಆದುದರಿಂದ ಕಾರ್ಡನ್ನು ನಗದಾಗಿ ಕರಗಿಸಬೇಕು. ಬಾಡಿಗೆ ತುಂಬುವ ಆ್ಯಪ್ ಇದಕ್ಕೆ ಮೂಸೆಯಾಯಿತು. ಗರಗದ ಹೆಂಚಿನ ಮನೆಯಲ್ಲಿ ಕೂತ ಅಪ್ಪ ಒಂದೇ ರಾತ್ರಿಯಲ್ಲಿ ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲ್ಯಾಟಿನ ಮಾಲೀಕನಾದ. ತಿಂಗಳಾ ‘ಬಾಡಿಗೆ’ ಬರುತ್ತಿತ್ತು. ಅಪ್ಪ ಅದನ್ನು ಮಗನ ಸಾಲದ ಖಾತೆಗೆ ತುಂಬುತ್ತಿದ್ದ. “ಆ ಮನಿ ಒಮ್ಮೆರ ನೋಡಿ ಬರಬೇಕಂತೀನಿ” ಎಂದು ಅವನು ಕಟ್ಟೆಯಲ್ಲಿ ಹೇಳಿದ್ದು ದಾಖಲಾಗಿದೆ.

ಈ ಸೇವೆಗೆ ನೂರಕ್ಕೆ ಒಂದು ರೂಪಾಯಿ ಶುಲ್ಕ, ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಈಗ ಗಣಿತ. 6,640ರ ಕಂತಿಗೆ ಪಾಯಿಂಟು 66. ಬೆಲೆ ಹದಿನಾರೂವರೆ ರೂಪಾಯಿ. ಶುಲ್ಕ, ತೆರಿಗೆ ಕೂಡಿ 78 ರೂಪಾಯಿ 35 ಪೈಸೆ. ಎಂಬತ್ತನಾಲ್ಕು ಕಂತು ಮುಗಿಯುವಷ್ಟರಲ್ಲಿ ಗಳಿಕೆ 1,386, ವೆಚ್ಚ 6,581. ಕಂತು ಉಳಿಸಲು ಹೊರಟ ವಿದ್ಯೆ ವೆಚ್ಚದ ಲೆಕ್ಕದಲ್ಲಿ ಎಂಬತ್ತೈದನೆಯ ಕಂತೊಂದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಡೆಯಿತು. ಇದನ್ನು ಗರಗ ಪ್ರಮೇಯ ಎಂದು ಕರೆಯಲು ಪ್ರಬಂಧಕಾರನ ಅಡ್ಡಿಯಿಲ್ಲ. ಎಷ್ಟೋ ಕಾರ್ಡುಗಳು ಬಾಡಿಗೆಗೆ ಪಾಯಿಂಟನ್ನೇ ಕೊಡುವುದಿಲ್ಲ ಎಂಬ ಕ್ಷುಲ್ಲಕ ಸಂಗತಿಯನ್ನು ಸಾಧಕನ ಮೇಲಿನ ಗೌರವದಿಂದ ಲೆಕ್ಕಕ್ಕೆ ಹಿಡಿದಿಲ್ಲ. ಒಂದು ತಿಂಗಳು ಕಾರ್ಡಿನ ಬಿಲ್ ಮರೆತರೆ ಬಡ್ಡಿ ಮತ್ತು ತೆರಿಗೆ ಸೇರಿ 274 ರೂಪಾಯಿ. ಹದಿನಾರು ತಿಂಗಳ ಪಾಯಿಂಟು ಸ್ವಾಹಾ. ಶಿಕ್ಷಣ ಸಾಲದ ಬಡ್ಡಿಗಾದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಉಂಟು. ಕಾರ್ಡಿನ ಬಡ್ಡಿಗೆ ಇರುವುದು ಹೆಂಡತಿಯ ಅಥವಾ ತಾಯಿಯ ಬೈಗುಳ ಮಾತ್ರ.

2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದು, ವ್ಯಾಪಾರಿಯೆಂದು ನೋಂದಾಯಿಸದವರಿಗೆ ಆ್ಯಪುಗಳು ಕಾರ್ಡಿನ ಹಣ ಮುಟ್ಟಿಸುವಂತಿಲ್ಲ ಎಂದಾಯಿತು. ಅಪ್ಪನ ಫ್ಲ್ಯಾಟು ಬಂದಷ್ಟೇ ಬೇಗ ಹೋಯಿತು. ಸಾಧಕ ಎದೆಗುಂದದೆ ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿ ಊರ ಕಿರಾಣಿ ಅಂಗಡಿಯ ಕ್ಯೂಆರ್ ಮುಂದೆ ನಿಂತ. ಸಾಮಾನು ಬೇಡ, ರೊಕ್ಕ ಕೊಡು ಎಂದ. ಕಾರ್ಡಿನ ಕರಾರಿಗೆ ಇದು ವಿರುದ್ಧವೆಂಬುದು ಇಬ್ಬರಿಗೂ ಗೊತ್ತಿದ್ದುದರಿಂದ ಮಾತುಕತೆ ಮೆಲ್ಲಗೆ ನಡೆಯಿತು. ಅಂಗಡಿಕಾರ ನೂರಕ್ಕೆ ಎರಡು ಕೇಳಿದ. “ಪಾಯಿಂಟ್ ಕೊಡ್ತೀನಿ” ಎಂದ ಸಾಧಕ. “ಅವು ಉದ್ರಿ ಖಾತೇಕ ಜಮಾ ಆಗೂದಿಲ್ಲೋ ಮಾರಾಯಾ” ಎಂದು ಆತ ಬೆಲ್ಲ ತೂಗುವುದನ್ನು ಮುಂದುವರಿಸಿದ.

ಎರಡು ವರ್ಷದ ಪಾಯಿಂಟುಗಳನ್ನು ಕಡೆಗೂ ಬಿಡಿಸಿಕೊಂಡಾಗ 396 ರೂಪಾಯಿ ಆಯಿತು; ಬಿಡಿಸಿಕೊಡುವುದಕ್ಕೂ 99 ರೂಪಾಯಿ ಶುಲ್ಕ, ಅದಕ್ಕೂ ಜಿಎಸ್‌ಟಿ. ಉಳಿದದ್ದು 279. ಖಾದಿ ಕೇಂದ್ರದಲ್ಲಿ ನೂಲುವ ತಾಯಿ ಕೇಳಿದಳು: “ಹೌದಪಾ, ಇದು ಎಷ್ಟು ಲಡಿ ನೂತಂಗಾತು?” ಪ್ರಬಂಧಕಾರನಿಗೆ ಈ ತನಕ ಎದುರಾದ ಪ್ರಶ್ನೆಗಳಲ್ಲಿ ವಿಧಾನಶುದ್ಧವಾದದ್ದು ಇದೊಂದೇ.

ಈ ವರ್ಷ ತಂಗಿಗೆ ಸೀಟು ಸಿಕ್ಕಿತು. ಜಾಮೀನು ಕೇಳದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಸಂಸ್ಥೆಗಳ ಪಟ್ಟಿಯಲ್ಲಿ ಅವಳ ಕಾಲೇಜಿಲ್ಲ. ಸಹ-ಸಾಲಗಾರನಾಗಲು ಸಾಧಕ ಎದೆಯುಬ್ಬಿಸಿ ಮುಂದೆ ಬಂದ. ಕಾರ್ಡಿನ ಮಿತಿಯನ್ನು ತಿಂಗಳಾ ಅಂಚಿನ ತನಕ ಬಳಸಿದ್ದರಿಂದ ಅವನ ಕ್ರೆಡಿಟ್ ಸ್ಕೋರು ಇಳಿದಿತ್ತು. “ತಂದೆಯವರದೇ ಸಹಿ ಇರಲಿ ಬಿಡ್ರಿ” ಎಂದರು ಮ್ಯಾನೇಜರು. ಅಪ್ಪ ಸಹಿ ಮಾಡುತ್ತಿದ್ದಂತೆ, “ಯಜಮಾನ್ರ, ನಿಮಗೂ ಒಂದು ಕ್ರೆಡಿಟ್ ಕಾರ್ಡ್ ಮಾಡಿಕೊಡ್ಲೇನ್ರಿ?” ಎಂದೂ ವಿಚಾರಿಸಿದರು.

“ನಂದು ಕಿಸಾನ್ ಕಾರ್ಡ್ ಐತೆಲ್ಲರಿ ನಿಮ್ಮಲ್ಲೇ” ಎಂದ ಅಪ್ಪ. “ಏಳರ ಬಡ್ಡಿ, ವ್ಯಾಳ್ಯಾಕ್ಕ ತುಂಬಿದ್ರ ಮೂರು ಬಿಡ್ತೀರಿ. ತಮ್ಮಾ, ನಿನ್ನ ಕಾರ್ಡಿನ್ಯಾಗ ನೂರಕ್ಕ ಎಷ್ಟು ಬಿಡ್ತಾರಲೇ?”

ಸಾಧಕ ಮೊಬೈಲ್ ತೆಗೆದು ಭಾಗಾಕಾರ ಶುರು ಮಾಡಿದ.