ಮಿಕ್ಸಿ ಕೌಂಟರಿನಿಂದ ಲಿಂಕಿನ ವ್ಯಾಪಾರಕ್ಕೆ

ರಾಜೀನಾಮೆ ಬರೆದು ಬ್ಯಾಗಲ್ಲಿ ಇಟ್ಟುಕೊಂಡಿದ್ದೀಯಂತೆ, ಬೆಳಿಗ್ಗೆ ಹೂ ಬಿಡಿಸ್ತಾ ನಿಮ್ಮಮ್ಮ ಹೇಳಿದ್ರು. ಬರೆದದ್ದಾಯ್ತು, ಕೊಡೋದು ಮಾತ್ರ ಸ್ವಲ್ಪ ತಡಿ ತಾಯಿ. ನೀನು ಹಿಡಿಯೋಕೆ ಹೊರಟಿರೋ ದಾರಿ ತಪ್ಪು ಅಂತ ನಾನು ಹೇಳ್ತಿಲ್ಲ. ಹಾಸನದಲ್ಲಿ ಕೂತು ಈ ಅಫಿಲಿಯೇಟ್ ಕೆಲಸದಿಂದ ಮನೆ ನಡೆಸೋರಿದ್ದಾರೆ, ಅಂಥವರ ಲೆಕ್ಕ ನಮ್ಮ ತೆರಿಗೆ ಸಲಹೆಗಾರರ ಆಫೀಸಿಗೇ ಬರುತ್ತೆ, ಬರೆಯೋಳು ನಾನೇ. ಕೈ ಸುಟ್ಟುಕೊಂಡೋರ ಲೆಕ್ಕವನ್ನೂ ನಾನೇ ಬರೆದಿದ್ದೀನಿ. ಅದಕ್ಕೇ ಕರೆದೆ. ಒಳಗೆ ಬಾ ಅಂದರೆ ಅಂಗಡಿಗೆ ಹೊತ್ತಾಯ್ತು ಅಂತೀಯ, ಇಲ್ಲೇ ಬೇಲಿ ಪಕ್ಕ ನಿಂತುಕೊಂಡೇ ಕೇಳು.

ಕೆಲಸ ಏನು ಅಂತ ನಿನಗೆ ಗೊತ್ತೇ ಇದೆ. ಒಂದು ಸಾಮಾನಿನ ಬಗ್ಗೆ ವಿಡಿಯೋದಲ್ಲಿ ಹೇಳ್ತೀಯ, ಕೆಳಗೆ ನಿನ್ನ ಗುರುತಿರೋ ಲಿಂಕ್ ಹಾಕ್ತೀಯ, ಅದನ್ನ ಒತ್ತಿ ಹೋದವರು ಕೊಂಡರೆ ಆ ಅಂಗಡಿ ನಿನಗೆ ಕಮಿಷನ್ ಕೊಡುತ್ತೆ. ದಾಸ್ತಾನು ಇಡಬೇಕಾಗಿಲ್ಲ, ಡೆಲಿವರಿ ನಿನ್ನ ತಲೆಗೆ ಬರಲ್ಲ. ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಪುಸ್ತಕ ಮಾತ್ರ ಮಾರ್ತಿದ್ದ ಕಾಲದಲ್ಲೇ, 1996ರಲ್ಲಿ, ಅಮೆಜಾನ್ ಇದನ್ನ ಅಮೆರಿಕದಲ್ಲಿ ಶುರು ಮಾಡಿತು. ಇಂಡಿಯಾದಲ್ಲಿ ಅವರು ಅಂಗಡಿ ತೆರೆದದ್ದು 2013ರಲ್ಲಿ.

ಮೊದಲು ಆ ಕೋರ್ಸಿನ ವಿಚಾರ ಮುಗಿಸೋಣ. ಐದು ಸಾವಿರ ಕಟ್ಟಿ ಸೇರಿದರೆ ತಿಂಗಳಿಗೆ ಲಕ್ಷ ಅಂತ ಯಾರೋ ವಾಟ್ಸಾಪಲ್ಲಿ ಕಳಿಸಿದ್ದನ್ನ ನನಗೆ ತೋರಿಸಿದೆಯಲ್ಲ, ಕಾರಿಗೆ ಒರಗಿ ನಿಂತಿದ್ದ ಹುಡುಗ, ಪಕ್ಕದಲ್ಲಿ ಬ್ಯಾಂಕ್ ಖಾತೆಯ ಸ್ಕ್ರೀನ್‌ಶಾಟ್. ಅವನನ್ನ ಒಂದೇ ಪ್ರಶ್ನೆ ಕೇಳು: ಸೇರಿದ ಮೇಲೆ ನಾನು ಮಾರಬೇಕಾಗಿರೋದು ಏನನ್ನ? ಈ ಕೋರ್ಸನ್ನೇ ಅಂತ ಉತ್ತರ ಬಂದರೆ ಫೋನ್ ಇಟ್ಟುಬಿಡು. ಅಲ್ಲಿ ಮಿಕ್ಸಿಯೂ ಇಲ್ಲ, ಸೀರೆಯೂ ಇಲ್ಲ, ಯಾರ ಮನೆಗೂ ಏನೂ ತಲುಪಲ್ಲ. ಇವನು ಅವನನ್ನ ಸೇರಿಸೋದು, ಅವನು ಇನ್ನಿಬ್ಬರನ್ನ ಸೇರಿಸೋದು, ಕೊನೆಗೆ ಸೇರಿದವರಿಗೆ ಸೇರಿಸೋಕೆ ಜನ ಉಳಿಯಲ್ಲ. ಇಂಥ ಹಣ ಸುತ್ತಿಸೋ ಸ್ಕೀಮುಗಳನ್ನ ನಿಷೇಧಿಸೋ ಕಾಯ್ದೆ ನಮ್ಮಲ್ಲಿ 1978ರಿಂದಲೇ ಇದೆ. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟದ ನಿಯಮಗಳೂ ಪಿರಮಿಡ್ ಸ್ಕೀಮ್ ನಡೆಸೋ ಹಾಗಿಲ್ಲ ಅಂತ ಹೇಳ್ತವೆ. ಆದರೂ ಹೆಸರು ಬದಲಾಯಿಸಿಕೊಂಡು ಬರ್ತಾನೇ ಇರ್ತವೆ, ಈಗ ಅವಕ್ಕೆ ಸಿಕ್ಕಿರೋ ಹೆಸರು ಅಫಿಲಿಯೇಟ್ ಮಾರ್ಕೆಟಿಂಗ್. ನಮ್ಮ ಆಫೀಸಿಗೆ ಬಂದ ಒಬ್ಬ ಹೆಣ್ಣುಮಗಳು ಅತ್ತಿಗೆ, ಚಿಕ್ಕಮ್ಮ, ಹೈಸ್ಕೂಲಲ್ಲಿ ಪಾಠ ಹೇಳಿದ ಟೀಚರ್ ಎಲ್ಲರನ್ನೂ ಸೇರಿಸಿದ್ದಳು. ದುಡ್ಡು ನಿಂತ ಮೇಲೆ ಅವರ ಮನೆಗಳಿಗೆ ಹೋಗೋಕೆ ಮುಖ ಇಲ್ಲ ಅಂತ ನನ್ನ ಎದುರು ಕೂತು ಅತ್ತಳು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ನಿಜವಾದ ಅಂಗಡಿಗೆ ಅಫಿಲಿಯೇಟ್ ಆಗೋಕೆ ಒಂದು ರೂಪಾಯಿಯೂ ಕಟ್ಟಬೇಕಾಗಿಲ್ಲ, ಇದೊಂದನ್ನ ಮನಸ್ಸಿನಲ್ಲಿಟ್ಟುಕೋ. ಅಮೆಜಾನ್ ಕೇಳೋದು ಬೇರೆ: ಸೇರಿದ 180 ದಿನದೊಳಗೆ ನಿನ್ನ ಲಿಂಕಿನಿಂದ ಮೂರಾದರೂ ಮಾರಾಟ ಆಗಿರಬೇಕು, ಇಲ್ಲದಿದ್ದರೆ ಖಾತೆ ಮುಚ್ಚುತ್ತೆ. ನಿನ್ನ ಲಿಂಕಿನಿಂದ ನೀನೇ ಕೊಂಡುಕೊಂಡರೆ ಅದು ಲೆಕ್ಕಕ್ಕಿಲ್ಲ.

ಈಗ ಲೆಕ್ಕ. ಶೋರೂಮಿನ ಮಿಕ್ಸಿ ಕೌಂಟರಲ್ಲಿ ನಿನ್ನ ಸಂಬಳ ತಿಂಗಳಿಗೆ ಹದಿನೆಂಟು ಸಾವಿರ. ಒಂದು ಮಿಕ್ಸಿ 3,540 ರೂಪಾಯಿ ಅಂತಿಟ್ಟುಕೋ. ಅದರಲ್ಲಿ ನೂರಕ್ಕೆ 18ರಂತೆ ಜಿಎಸ್‌ಟಿ ಕಳೆದರೆ 3,000. ಕಮಿಷನ್ ಸಿಗೋದು ಆ ಮೂರು ಸಾವಿರದ ಮೇಲೆ. ನೂರಕ್ಕೆ ಐದು ಅಂತ ಹಿಡಿದರೆ ಒಂದು ಮಿಕ್ಸಿಗೆ 150. ಹದಿನೆಂಟು ಸಾವಿರ ಬರಬೇಕಾದರೆ ತಿಂಗಳಿಗೆ 120 ಮಿಕ್ಸಿ ಹೋಗಬೇಕು. ಲಿಂಕ್ ಒತ್ತಿದ ನೂರು ಜನರಲ್ಲಿ ಮೂವರು ಕೊಳ್ತಾರೆ ಅಂದರೂ ನಾಲ್ಕು ಸಾವಿರ ಸಲ ಯಾರಾದರೂ ಲಿಂಕ್ ಒತ್ತಬೇಕು. ನೋಡಿದ ಇಪ್ಪತ್ತು ಜನರಲ್ಲಿ ಒಬ್ಬರು ಒತ್ತಿದರೆ ಎಂಬತ್ತು ಸಾವಿರ ಜನ ನಿನ್ನ ವಿಡಿಯೋ ನೋಡಿರಬೇಕು, ಅದೂ ಪ್ರತಿ ತಿಂಗಳು. ಶೇಕಡಾವಾರು ನಾನು ಅಂದಾಜಿಗೆ ಹಾಕಿದ್ದು, ನಿನ್ನದು ಬೇರೆ ಬರಬಹುದು. ಆದರೆ ಈ ಲೆಕ್ಕವನ್ನ ನಿನ್ನ ಕೈಯಲ್ಲೇ ಒಂದು ಸಲ ಹಾಕಿ ನೋಡದೆ ಯಾರೂ ಕೆಲಸ ಬಿಡಬಾರದು.

ಅದರ ಮೇಲೆ ಅಮೆಜಾನ್‌ನ ಇಪ್ಪತ್ತನಾಲ್ಕು ಗಂಟೆಯ ನಿಯಮ ಇದೆ. ನಿನ್ನ ಲಿಂಕ್ ಒತ್ತಿದವರು ಒಂದು ದಿನದೊಳಗೆ ಏನು ಕೊಂಡರೂ, ಅದು ಮಿಕ್ಸಿಯೇ ಆಗಬೇಕಾಗಿಲ್ಲ, ಕಮಿಷನ್ ನಿನಗೆ. ಅಷ್ಟರಲ್ಲಿ ಕಾರ್ಟಿಗೂ ಹಾಕದೆ ಮಾರನೇ ದಿನ ತಾವಾಗೇ ಹೋಗಿ ಕೊಂಡರೆ ನಿನಗೇನೂ ಇಲ್ಲ. ನಮ್ಮ ಕಡೆ ಜನ ಹೇಗೆ ಕೊಳ್ತಾರೆ ಅಂತ ನಿನಗಿಂತ ಯಾರಿಗೆ ಗೊತ್ತು? ಶುಕ್ರವಾರ ಬಂದು ನೋಡಿಕೊಂಡು ಹೋಗ್ತಾರೆ, ಮನೇಲಿ ಕೇಳ್ತೀವಿ ಅಂತಾರೆ, ಆಷಾಢ ಮುಗೀಲಿ ಅಂತಾರೆ, ಸಂಬಳ ಆದ ಮೇಲೆ ಬರ್ತಾರೆ. ಕೌಂಟರಲ್ಲಿ ನೀನು ಮುಖ ನೋಡಿ ಗುರುತು ಹಿಡೀತೀಯ, ಲಿಂಕಿಗೆ ಅಷ್ಟು ನೆನಪಿಲ್ಲ. ವಾಪಸ್ ಬಂದ ಸಾಮಾನಿನ ಕಮಿಷನ್ನೂ ವಾಪಸ್ ಹೋಗುತ್ತೆ. ಉಳಿದದ್ದು ಕೈಗೆ ಬರೋದು ತಿಂಗಳು ಮುಗಿದು ಸುಮಾರು ಅರವತ್ತು ದಿನ ಕಳೆದ ಮೇಲೆ. ಜೂನಲ್ಲಿ ದುಡಿದದ್ದಕ್ಕೆ ಆಗಸ್ಟ್ ಕೊನೆ ಕಾಯಬೇಕು, ಮಗನ ಸ್ಕೂಲ್ ಫೀಸು ಅಲ್ಲಿವರೆಗೂ ಕಾಯಲ್ಲ.

ದರವೂ ನಿನ್ನ ಕೈಯಲ್ಲಿಲ್ಲ. 2020ರ ಏಪ್ರಿಲಲ್ಲಿ, ಕೊರೊನಾದ ನಡುವೆ, ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣದ ಕಮಿಷನ್ನನ್ನ ನೂರಕ್ಕೆ 8ರಿಂದ 3ಕ್ಕೆ ಇಳಿಸಿತು, ದಿನಸಿಯದನ್ನ 5ರಿಂದ 1ಕ್ಕೆ. ಆ ಸಾಮಾನುಗಳ ಕಮಿಷನ್ನನ್ನೇ ನಂಬಿಕೊಂಡವರ ಆದಾಯ ಒಂದೇ ವಾರದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು, ಅವರ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಹಾಗಾಗಿ ಒಂದೇ ಅಂಗಡಿಯನ್ನ ನೆಚ್ಚಿಕೋಬೇಡ, ಎರಡು ಮೂರು ಕಡೆ ಸೇರಿಕೋ.

ಹದಿನೆಂಟು ಸಾವಿರ ಅಂದೆನಲ್ಲ, ಅದೂ ಪೂರ್ತಿ ಲೆಕ್ಕ ಅಲ್ಲ. ಇದನ್ನ ಯಾವ ವಿಡಿಯೋದಲ್ಲೂ ಹೇಳಿದ್ದನ್ನ ನಾನು ಕೇಳಿಲ್ಲ, ಹಾಗಾಗಿ ಬಿಡಿಸಿ ಹೇಳ್ತೀನಿ. ನಿನ್ನ ಪಿಎಫ್‌ಗೆ ನೀನು ನೂರಕ್ಕೆ 12 ಕಟ್ತೀಯ, ಮಾಲೀಕರೂ ಅಷ್ಟೇ ಕಟ್ಟುತ್ತಾರೆ. ಅವರು ಕಟ್ಟೋದರಲ್ಲಿ ಒಂದು ಪಾಲು ಪಿಂಚಣಿ ಯೋಜನೆಗೆ ಹೋಗುತ್ತೆ. ಹತ್ತು ವರ್ಷದ ಸೇವೆ ತುಂಬಿದರೆ 58ನೇ ವಯಸ್ಸಿಗೆ ಪಿಂಚಣಿಯ ಹಕ್ಕು ನಿನ್ನದು. ತುಂಬೋಕೆ ಮುಂಚೆ ಬಿಟ್ಟರೆ ಒಂದಿಷ್ಟು ದುಡ್ಡು ಒಟ್ಟಿಗೆ ತಗೋಬಹುದು, ಇಲ್ಲ ಸ್ಕೀಮ್ ಸರ್ಟಿಫಿಕೇಟ್ ತಗೊಂಡು ಮುಂದೆ ಬೇರೆ ಕಡೆ ಸೇರಿದಾಗ ಈ ವರ್ಷಗಳನ್ನ ಅದಕ್ಕೆ ಸೇರಿಸಬಹುದು. ಆದರೆ ನೀನು ಇನ್ನು ಯಾರ ಹತ್ತಿರಾನೂ ಕೆಲಸಕ್ಕೆ ಸೇರಲ್ಲ ಅಂತ ಹೊರಟವಳು. ನೀನು ಆ ಶೋರೂಮ್ ಸೇರಿದ್ದು ಮಗ ಅಂಗನವಾಡಿಗೆ ಹೋಗ್ತಿದ್ದಾಗ, ಈಗ ಅವನು ಎಂಟನೇ ಕ್ಲಾಸು. ಹತ್ತು ವರ್ಷ ಹತ್ತಿರ ಹತ್ತಿರ ಬಂದಿದೆ, ಇನ್ನು ಕೆಲವೇ ತಿಂಗಳಿಗೆ ಅದನ್ನ ಕಳಕೊಳ್ಳೋದು ನ್ಯಾಯವಾ? ಗ್ರಾಚ್ಯುಯಿಟಿಗೆ ಭಯ ಇಲ್ಲ, ಐದು ವರ್ಷ ದಾಟಿ ಎಷ್ಟೋ ಕಾಲ ಆಯ್ತು, ಅದು ಬಂದೇ ಬರುತ್ತೆ.

ಇನ್ನು ಇಎಸ್‌ಐ. ತಿಂಗಳಿಗೆ ಇಪ್ಪತ್ತೊಂದು ಸಾವಿರದವರೆಗೆ ಸಂಬಳ ಇರೋರಿಗೆ ಅದು ಸಿಗುತ್ತೆ, ನಿನಗೂ ಇದೆ, ನಿನ್ನನ್ನೇ ನಂಬಿಕೊಂಡಿರೋ ನಿಮ್ಮಮ್ಮನಿಗೂ ಇದೆ. ಅವರ ಸಕ್ಕರೆ ಕಾಯಿಲೆ ಮಾತ್ರೆ, ಕಣ್ಣಿನ ಚಿಕಿತ್ಸೆ ಎಲ್ಲ ಯಾವ ಕಾರ್ಡಿನ ಮೇಲೆ ನಡೀತಿದೆ ಅಂತ ಯೋಚಿಸಿದ್ದೀಯಾ? ಕೆಲಸ ಬಿಟ್ಟ ಕೆಲವು ತಿಂಗಳಿಗೆ ಆ ಕಾರ್ಡ್ ನಿಲ್ಲುತ್ತೆ. ಅದರ ಜಾಗಕ್ಕೆ ಒಂದು ಆರೋಗ್ಯ ವಿಮೆ ಮಾಡಿಸೋಕೆ ಹೋದರೆ, ಅವರ ವಯಸ್ಸಿಗೆ, ಮೊದಲೇ ಕಾಯಿಲೆ ಇರೋದಕ್ಕೆ ಪ್ರೀಮಿಯಂ ಎಷ್ಟು ಕೇಳ್ತಾರೆ ಅಂತ ಒಂದು ಸಲ ವಿಚಾರಿಸು. ನಿನ್ನ 120 ಮಿಕ್ಸಿಯ ಗುರಿ ಅಲ್ಲೇ ಮೇಲೆ ಹೋಗುತ್ತೆ.

ಇಷ್ಟು ಹೇಳಿದ್ದು ಬೇಡ ಅನ್ನೋಕಲ್ಲ. ನಾಳೆಯೇ ಶುರು ಮಾಡು, ಕೆಲಸದಲ್ಲಿ ಇದ್ದುಕೊಂಡೇ ಶುರು ಮಾಡು. ಯಾಕಂದರೆ ಈ ವ್ಯಾಪಾರಕ್ಕೆ ಬೇಕಾದ ಬಂಡವಾಳ ನಿನಗೆ ಸಿಗ್ತಿರೋದೇ ಆ ಕೌಂಟರಿನಿಂದ. 500 ವ್ಯಾಟಿನ ಮಿಕ್ಸಿಯಲ್ಲಿ ದಿನಾ ಇಡ್ಲಿ ಹಿಟ್ಟು ರುಬ್ಬಿದರೆ ಮೋಟಾರ್ ಕಾದು ನಿಲ್ಲುತ್ತೆ, ಸುಟ್ಟೇ ಹೋಯ್ತು ಅಂತ ಹೆದರಿ ಜನ ಬಸ್ಸಿನಲ್ಲಿ ಹೊತ್ತುಕೊಂಡು ಬರ್ತಾರೆ, ನೀನು ತಳದಲ್ಲಿರೋ ಕೆಂಪು ಗುಂಡಿ ಒತ್ತಿ ಓಡಿಸಿ ಕಳಿಸ್ತೀಯ. ಚಟ್ನಿ ಜಾರಿನ ಕಪ್ಲರ್ ಯಾವ ಕಂಪನಿಯದು ಬೇಗ ಸವೆಯುತ್ತೆ, ಯಾವುದರ ವಾಷರ್ ಹಾಸನದಲ್ಲೇ ಸಿಗುತ್ತೆ, ಯಾವುದಕ್ಕೆ ಬೆಂಗಳೂರಿಗೆ ಕಳಿಸಬೇಕು, ಸಕಲೇಶಪುರದ ಕಡೆ ಮಳೆಗಾಲದಲ್ಲಿ ವೋಲ್ಟೇಜ್ ಬಿದ್ದಾಗ ಗ್ರೈಂಡರ್ ಹೇಗೆ ತಿರುಗುತ್ತೆ, ಕೊಯಮತ್ತೂರಿನ ಗ್ರೈಂಡರಿಗೂ ಬೇರೆಯದಕ್ಕೂ ಕಲ್ಲಿನಲ್ಲಿ ಏನು ವ್ಯತ್ಯಾಸ, ಇವೆಲ್ಲ ನಿನ್ನ ನಾಲಿಗೆ ಮೇಲಿವೆ. ಇಷ್ಟನ್ನ ಕನ್ನಡದಲ್ಲಿ ಸರಿಯಾಗಿ ಕೂತು ಹೇಳೋರು ಎಷ್ಟು ಜನ ಇದ್ದಾರೆ ಹೇಳು. ನಾನು ಹೋದ ಸಲ ಹುಡುಕಿದಾಗ ಸಿಕ್ಕಿದ್ದೆಲ್ಲ ಡಬ್ಬಿ ಬಿಚ್ಚಿ ತೋರಿಸೋ ವಿಡಿಯೋಗಳೇ. ಎರಡು ವರ್ಷ ಬಳಸಿದ ಮೇಲೆ ಏನಾಗುತ್ತೆ ಅಂತ ಒಬ್ಬರೂ ಹೇಳಲಿಲ್ಲ. ನಿನ್ನ ಕೌಂಟರಿಗೆ ರಿಪೇರಿಗೆ ಬರೋದು ಆ ಎರಡು ವರ್ಷ ಕಳೆದ ಮಿಕ್ಸಿಗಳೇ ಅಲ್ವಾ?

ಈ ದಾರಿಯಲ್ಲಿ ಹೆಸರು ಮಾಡಿದ ಪ್ಯಾಟ್ ಫ್ಲಿನ್ ಅನ್ನೋ ಅಮೆರಿಕದವರ ಕಥೆಯೂ ಹೀಗೇ. ಕಟ್ಟಡ ವಿನ್ಯಾಸದ ಆಫೀಸಲ್ಲಿ ಕೆಲಸ ಮಾಡ್ತಿದ್ದರು, 2008ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋಯ್ತು. ಅದಕ್ಕೆ ಮುಂಚೆಯೇ ಹಸಿರು ಕಟ್ಟಡಗಳ ಬಗ್ಗೆ ಇದ್ದ ಒಂದು ಪರೀಕ್ಷೆಗೆ ತಾವು ಓದುವಾಗ ಮಾಡಿಕೊಂಡ ನೋಟ್ಸನ್ನ ಅಂತರ್ಜಾಲದಲ್ಲಿ ಹಾಕಿಟ್ಟಿದ್ದರು. ಅದನ್ನ ಓದೋಕೆ ಆಗಲೇ ಜನ ಬರ್ತಿದ್ದರು. ಅದೇ ಅವರಿಗೆ ಅನ್ನ ಆಯ್ತು, ಅಫಿಲಿಯೇಟ್ ಆದಾಯ ದೊಡ್ಡದಾಗಿ ಬಂದದ್ದು ಆಮೇಲೆ. ಗಮನಿಸಿದೆಯಾ, ಹಳೇ ಉದ್ಯೋಗದ ತಿಳಿವಳಿಕೆಯೇ ಅವರ ಕೈ ಹಿಡಿದದ್ದು. ಇದೇ ದಾರಿಯಲ್ಲಿ ವೈರ್‌ಕಟರ್ ಅಂತ ಒಂದು ಜಾಲತಾಣ ಇದೆ, 2011ರಲ್ಲಿ ಶುರುವಾದದ್ದು. ಒಂದೊಂದು ಸಾಮಾನನ್ನೂ ತಂದು, ಬಳಸಿ, ಹೋಲಿಸಿ, ಕೊಳ್ಳೋದಾದರೆ ಇದನ್ನ ಕೊಳ್ಳಿ ಅಂತ ಹೇಳೋದು ಅವರ ಕ್ರಮ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2016ರಲ್ಲಿ ಅದನ್ನ ಸುಮಾರು ಮೂರು ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಷ್ಟು ದುಡ್ಡು ಬಂದದ್ದು ಬಳಸಿ ನೋಡಿದವರ ಮಾತಿಗೆ.

ನೀನು ಏನು ಮಾಡಿದರೂ ಒಂದು ಕೆಲಸ ಬಿಡಬೇಡ. ವಿಡಿಯೋ ಶುರುವಾಗ್ತಿದ್ದ ಹಾಗೇ, ಕನ್ನಡದಲ್ಲೇ, ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತೆ ಅಂತ ಬಾಯಿಬಿಟ್ಟು ಹೇಳು. ವ್ಯಾಪಾರದ ಸಂಬಂಧ ಇದ್ದರೆ ಮುಚ್ಚಿಡದೆ ತಿಳಿಸಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ತಂದಿದೆ. ದಾರಿ ತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ದಂಡಕ್ಕೆ ಹೆದರಿ ಹೇಳು ಅಂತ ಅಲ್ಲ. ನಿನ್ನ ಮಾತು ನಂಬಿ ಮೂರೂವರೆ ಸಾವಿರ ಖರ್ಚು ಮಾಡೋಳು ನಿನ್ನ ಹಾಗೇ ತಿಂಗಳ ಕೊನೆಯಲ್ಲಿ ಎಣಿಸಿ ಎಣಿಸಿ ಖರ್ಚು ಮಾಡೋಳು. ಕಮಿಷನ್ ಜಾಸ್ತಿ ಕೊಡೋ ಮಿಕ್ಸಿ ಕೆಟ್ಟದಾಗಿದ್ದರೆ ಕೆಟ್ಟದು ಅಂತಲೇ ಹೇಳು. ನಿನ್ನಜ್ಜಿ ಕಾಲದ ಗ್ರೈಂಡರ್ ಇನ್ನೂ ಚೆನ್ನಾಗಿ ತಿರುಗ್ತಿದ್ದರೆ ಹೊಸದು ಬೇಡ ಅಂತ ಹೇಳೋ ವಿಡಿಯೋನೂ ಮಾಡು. ಆ ವಿಡಿಯೋದಿಂದ ಕಮಿಷನ್ ಬರಲ್ಲ, ನಿಜ. ಕೌಂಟರಿನಲ್ಲಿ ಮಾಲೀಕರು ಇಲ್ಲದಾಗ ನೀನು ಎಷ್ಟು ಜನಕ್ಕೆ ಹಾಗೆ ಹೇಳಿ ವಾಪಸ್ ಕಳಿಸಿಲ್ಲ? ಅವರೇ ಅಲ್ವಾ ಮಗಳ ಮದುವೆಗೆ ಸಾಮಾನು ತಗೊಳ್ಳೋಕೆ ನಿನ್ನನ್ನೇ ಹುಡುಕಿಕೊಂಡು ಬಂದದ್ದು.

ತೆರಿಗೆ ವಿಚಾರ ನನಗೆ ಬಿಡು. ಪ್ಯಾನ್ ನಂಬರ್ ಕೊಟ್ಟಿರಬೇಕು, ಇಲ್ಲದಿದ್ದರೆ ನೂರಕ್ಕೆ ಇಪ್ಪತ್ತು ಹಿಡಿದುಕೊಳ್ತಾರೆ. ಕೊಟ್ಟಿದ್ದರೆ ಕಮಿಷನ್ ಮೇಲಿನ ಟಿಡಿಎಸ್ 2024ರ ಅಕ್ಟೋಬರಿನಿಂದ ನೂರಕ್ಕೆ ಎರಡೇ, ಅದೂ ರಿಟರ್ನ್ ಹಾಕಿದಾಗ ಹೊಂದಾಣಿಕೆ ಆಗುತ್ತೆ. ವರ್ಷಕ್ಕೆ ಇಪ್ಪತ್ತು ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಚಿಂತೆ ಇಲ್ಲ. ಕ್ಯಾಮೆರಾಗೆ ಅಂತ ಪಿಎಫ್ ದುಡ್ಡಿಗೆ ಕೈ ಹಾಕಬೇಡ, ನಿನ್ನ ಫೋನೇ ಸಾಕು. ಧ್ವನಿ ಚೆನ್ನಾಗಿ ಕೇಳಿಸೋಕೆ ಒಂದು ಸಣ್ಣ ಮೈಕ್ ತಗೋ, ಮಿಕ್ಸಿ ಓಡುವಾಗ ಮಾತಾಡಬೇಡ, ನಿಲ್ಲಿಸಿ ಮಾತಾಡು.

ಈ ಭಾನುವಾರ ಆ ಕೆಂಪು ಗುಂಡಿಯ ವಿಡಿಯೋ ಮಾಡೋಣ, ನಮ್ಮ ಮನೆ ಹಳೇ ಮಿಕ್ಸಿ ತಗೊಂಡು ಬರ್ತೀನಿ. ಅದರಲ್ಲಿ ಯಾವ ಲಿಂಕೂ ಬೇಡ. ಮೊದಲು ಜನ ನಿನ್ನ ಮುಖ ನೋಡಲಿ, ಅವರ ಮಿಕ್ಸಿ ಓಡಲಿ. ಇವತ್ತು ರಾತ್ರಿ ಮಾತ್ರ ಪಿಎಫ್ ಪಾಸ್‌ಬುಕ್ ತೆಗೆದು ಸೇರಿದ ತಾರೀಖು ಯಾವುದು ಅಂತ ನೋಡು. ಬೆಳಿಗ್ಗೆ ನನಗೆ ಹೇಳು, ಹತ್ತು ವರ್ಷ ಯಾವ ತಿಂಗಳಿಗೆ ತುಂಬುತ್ತೆ ಅಂತ ಲೆಕ್ಕ ಹಾಕಿ, ಆ ರಾಜೀನಾಮೆಯ ತಾರೀಖನ್ನ ಇಬ್ಬರೂ ಕೂತು ಬರೆಯೋಣ.