ಹೆಚ್ಚು ತೋರಿಸಿದ್ದೇ ಸರಿ

ವಾಟ್ ಸವಾರ ಬೆಂಗಳೂರಿನಲ್ಲಿ ಎರಡು ಕಡೆ ಕಾಣಸಿಗುತ್ತಾನೆ: ಭಾನುವಾರ ಬೆಳಕು ಹರಿಯುವ ಮುಂಚೆ ಹೆಬ್ಬಾಳ ದಾಟಿ ನಂದಿ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ, ಉಳಿದ ದಿನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಜಿಮ್ಮಿನಲ್ಲಿ. ವಯಸ್ಸು ನಲವತ್ತರ ಆಸುಪಾಸು, ಕೆಲಸ ಸಾಮಾನ್ಯವಾಗಿ ಸಾಫ್ಟ್‌ವೇರಿನದು. ಎಷ್ಟು ಸ್ಪೀಡ್ ಹೊಡೀತೀರಿ ಎಂದು ಯಾರಾದರೂ ಕೇಳಿದರೆ ಅವನಿಗೆ ಬೇಸರ. ವೇಗ ಗಾಳಿಗೂ ಇಳಿಜಾರಿಗೂ ಸೇರಿದ್ದು, ವಾಟ್ ಮಾತ್ರ ತನ್ನ ಸ್ವಂತ ಸಂಪಾದನೆ ಎಂಬುದು ಅವನ ಸಿದ್ಧಾಂತ. ಸಿದ್ಧಾಂತದಲ್ಲಿ ತಪ್ಪೇನಿಲ್ಲ. ತೊಡಕು ಇರುವುದು ಮೀಟರುಗಳು ಎರಡಿರುವುದರಲ್ಲಿ. ಸೈಕಲ್ಲಿನದು 200 ಎನ್ನುತ್ತದೆ. ಅಷ್ಟೇ ಏದುಸಿರಿಗೆ ಜಿಮ್ಮಿನದು 235 ಎನ್ನುತ್ತದೆ.

ಸೈಕಲ್ಲಿನ ಪವರ್ ಮೀಟರ್ ನಿಜಕ್ಕೂ ಅಳೆಯುತ್ತದೆ. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ರೂಪಿಸಿದ ಎಸ್‌ಆರ್‌ಎಂ ಈ ವಂಶದ ಮೂಲಪುರುಷ. ತುಳಿದಾಗ ಕ್ರ್ಯಾಂಕಿನ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ; ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ತೆಳು ಪಟ್ಟಿಯ ವಿದ್ಯುತ್ ರೋಧ ಆ ಬಾಗಿಗೆ ತಕ್ಕಂತೆ ಬದಲಾಗುತ್ತದೆ. ಅದರಿಂದ ತಿರುಚುಬಲ ಎಷ್ಟೆಂದು ತಿಳಿದು, ಕ್ರ್ಯಾಂಕ್ ತಿರುಗುವ ವೇಗದಿಂದ ಗುಣಿಸಿದರೆ ವಾಟ್ ಸಿಕ್ಕಿತು. ಒಳ್ಳೆಯ ಮೀಟರಿಗೆ ತಯಾರಕರು ಒಪ್ಪಿಕೊಳ್ಳುವ ವ್ಯತ್ಯಾಸ ಶೇ. 1ರಿಂದ 2. ಜಿಮ್ಮಿನ ಸೈಕಲ್ಲುಗಳಲ್ಲಿ ಎಷ್ಟೋ ಅಳೆಯುವ ಗೋಜಿಗೇ ಹೋಗುವುದಿಲ್ಲ. ಭಾರದ ಚಕ್ರದ ಹತ್ತಿರಕ್ಕೆ ಆಯಸ್ಕಾಂತ ಎಷ್ಟು ಸರಿದಿದೆ, ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ಬರುತ್ತಿದೆ ಎಂದು ನೋಡಿ, ಕಾರ್ಖಾನೆಯಲ್ಲೇ ತುಂಬಿ ಕಳಿಸಿದ ಕೋಷ್ಟಕದಿಂದ ಒಂದು ಅಂಕಿ ಎತ್ತಿ ಪರದೆಗೆ ಹಾಕುತ್ತವೆ. ಲಾರಿಯಲ್ಲಿ ಕುಲುಕಾಡಿಕೊಂಡು ಬರುವಾಗ ಆಯಸ್ಕಾಂತ ಚೂರು ಪಕ್ಕಕ್ಕೆ ಸರಿದಿದ್ದರೆ ಕೋಷ್ಟಕಕ್ಕೆ ಆ ಸುದ್ದಿ ಮುಟ್ಟುವುದಿಲ್ಲ. ಅರ್ಧ ಗಂಟೆ ತುಳಿದ ಮೇಲೆ ಚಕ್ರ ಬಿಸಿಯಾಗಿ, ಅದರ ಲೋಹದಲ್ಲಿ ವಿದ್ಯುತ್ ರೋಧ ಹೆಚ್ಚಿ, ಆಯಸ್ಕಾಂತದ ಹಿಡಿತ ಸಾಮಾನ್ಯವಾಗಿ ಸಡಿಲಾಗುತ್ತದೆ. ಪರದೆ ಹಳೆಯ ಅಂಕಿಯನ್ನೇ ಹಿಡಿದು ಕೂತಿರುತ್ತದೆ. ಕಾಲು ಹಗುರಾಯಿತು, ಇಷ್ಟು ದಿನದ ಅಭ್ಯಾಸ ಕೈಹಿಡಿಯಿತು ಎಂದು ಸವಾರ ಹಿಗ್ಗುತ್ತಾನೆ.

ಹಾಗೆಂದು ಇದೆಲ್ಲ ಅವನಿಗೆ ಗೊತ್ತಿಲ್ಲದ್ದಲ್ಲ, ಬಾಯಿಪಾಠ. ಆದರೆ ಎರಡು ಪಂಚಾಂಗ ತರಿಸುವ ಮನೆಯಲ್ಲಿ ಏಕಾದಶಿ ಯಾವತ್ತು ಎನ್ನುವುದು ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದರ ಮೇಲೆ ನಿಂತ ಹಾಗೆ, ಯಾವ ಮೀಟರ್ ಕೆಟ್ಟಿದೆ ಎನ್ನುವುದು ಯಾವುದು ಕಡಿಮೆ ತೋರಿಸಿತು ಎಂಬುದರ ಮೇಲೆ ನಿಂತಿದೆ. ಸೈಕಲ್ಲಿನದು ಕಡಿಮೆ ತೋರಿಸಿದರೆ ಬೆಳಗಿನ ಚಳಿಗೆ ಗೇಜ್ ಕೈಕೊಟ್ಟಿದೆ, ಹೊರಡುವಾಗ ಝೀರೋ ಸೆಟ್ ಮಾಡಬೇಕಿತ್ತು. ಜಿಮ್ಮಿನದು ಕಡಿಮೆ ತೋರಿಸಿದರೆ ಬೆಲ್ಟು ಸವೆದಿದೆ, ಫ್ಯಾನ್ ಇಲ್ಲದೆ ಮೈ ಕಾದಿದೆ. ಚೈನು, ಗೇರುಗಳಲ್ಲಿ ಶೇ. 2ರಿಂದ 4ರಷ್ಟು ಶಕ್ತಿ ಸೋರುವುದು ನಿಜ. ಇವನು ದುಂಡಗೆ 5 ಸೇರಿಸುತ್ತಾನೆ. ಬಂದ ಅಂಕಿಯಿಂದ ಕಳೆಯಬೇಕಾದ ಕಾರಣ ಮಾತ್ರ ಅವನ ಸಂಶೋಧನೆಗೆ ಇದುವರೆಗೆ ಸಿಕ್ಕಿಲ್ಲ.

ಎಡಗಾಲಿನ ಕಥೆ ಬೇರೆ. ಅಗ್ಗದ ಮೀಟರುಗಳು ಹೆಚ್ಚಾಗಿ ಎಡ ಕ್ರ್ಯಾಂಕಿನಲ್ಲಷ್ಟೇ ಇರುತ್ತವೆ. ಎಡಗಾಲು ತುಳಿದದ್ದನ್ನು ಎರಡರಿಂದ ಗುಣಿಸಿ ಇಷ್ಟು ಎನ್ನುತ್ತವೆ. ಒಟ್ಟು 200 ವಾಟಿನಲ್ಲಿ ಎಡಗಾಲಿನ ಪಾಲು 104 ಆಗಿದ್ದರೆ ಪರದೆಯ ಮೇಲೆ 208. ಬಲಗಾಲಿಟ್ಟು ಒಳಗೆ ಬಾ ಎನ್ನುವ ನಾಡಿನಲ್ಲಿ ಎಡಗಾಲಿಗೆ ಇಷ್ಟು ಮರ್ಯಾದೆ ಸಿಗುವುದು ಈತನ ಮನೆಯಲ್ಲೊಂದೇ ಇರಬೇಕು.

ಎರಡನ್ನೂ ನ್ಯಾಯವಾಗಿ ಹೋಲಿಸುವ ದಾರಿ ಇಲ್ಲದಿಲ್ಲ. ಪೆಡಲಿನೊಳಗೇ ಮೀಟರ್ ಇರುವ ಜೋಡಿಯನ್ನು ಜಿಮ್ಮಿನ ಸೈಕಲ್ಲಿಗೆ ಹಾಕಿದರೆ ಒಂದೇ ತುಳಿತವನ್ನು ಎರಡೂ ಒಟ್ಟಿಗೆ ಲೆಕ್ಕ ಹಾಕುತ್ತವೆ. ರಾತ್ರಿ ಜಿಮ್ ಖಾಲಿಯಾದ ಮೇಲೆ ಸವಾರ ಸ್ಪ್ಯಾನರ್ ಹಿಡಿದು ನೆಲದ ಮೇಲೆ ಕೂರುತ್ತಾನೆ. ಎಡ ಪೆಡಲಿನ ಥ್ರೆಡ್ ಉಲ್ಟಾ ಎಂಬುದು ಮರೆತು, ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿ ಮಾಡುತ್ತಲೇ ಹೋಗುತ್ತಾನೆ. ಸದ್ದು ಕೇಳಿ ಸೆಕ್ಯೂರಿಟಿಯವನು ಬರುತ್ತಾನೆ.

“ಏನ್ ಸಾರ್, ಪೆಡಲ್ ಬಿಚ್ತಾ ಇದ್ದೀರಾ? ಸೆಕ್ರೆಟರಿ ಸಾಹೇಬ್ರಿಗೆ ಹೇಳಿದ್ದೀರಾ?”

“ಏನಿಲ್ಲಪ್ಪ, ಸರಿಯಾಗಿದೆಯಾ ಅಂತ ಚೆಕ್ ಮಾಡ್ತಿದ್ದೀನಿ.”

“ಸಾಯಂಕಾಲ ಚೆನ್ನಾಗೇ ತಿರುಗ್ತಿತ್ತಲ್ಲ ಸಾರ್.”

ಕೊನೆಗೆ ಪೆಡಲ್ 198 ಎನ್ನುತ್ತದೆ, ಪರದೆ 231. ತೀರ್ಪು ಸ್ಪಷ್ಟ. ಆದರೆ ಪೆಡಲಿನ ಮೀಟರಿಗೆ ಕ್ರ್ಯಾಂಕಿನ ಉದ್ದವನ್ನು ಸವಾರನೇ ಹೇಳಬೇಕು. ಮೊಬೈಲಿನಲ್ಲಿ 170 ಮಿಲಿಮೀಟರ್ ಇದ್ದುದನ್ನು ಅವನು 175 ಮಾಡುತ್ತಾನೆ, ಅದೇ ತುಳಿತಕ್ಕೆ 204 ಬರುತ್ತದೆ. ವಿಜ್ಞಾನ ಮುಂದುವರಿಯುತ್ತದೆ.

ಈ ಅಂಕಿಗಳಿಗೆ ಆರ್ಥಿಕ ಮಹತ್ವವೂ ಇದೆ. 200 ವಾಟಿನಂತೆ ಒಂದು ಗಂಟೆ ತುಳಿದರೆ 720 ಕಿಲೋಜೂಲ್ ಕೆಲಸ. ದೇಹ ಉರಿಸಿದ್ದರಲ್ಲಿ ಕಾಲುಭಾಗದಷ್ಟು ಮಾತ್ರ ಪೆಡಲಿಗೆ ಮುಟ್ಟುವುದರಿಂದ, ಖರ್ಚಾದ ಕಿಲೋಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ. 235ರ ಲೆಕ್ಕದಲ್ಲಿ ಅದು 846. ನಡುವಿನ 126ನ್ನು ಅವನು ನಂದಿಯಿಂದ ಬರುವಾಗ ದೇವನಹಳ್ಳಿಯ ಹೋಟೆಲಿನಲ್ಲಿ ಎರಡನೇ ವಡೆಯ ರೂಪದಲ್ಲಿ ವಸೂಲು ಮಾಡುತ್ತಾನೆ.

ಮೂರನೆಯ ಮೀಟರೊಂದಿದೆ, ಅದು ಬೆಟ್ಟ. ಕಡಿದಾದ ಏರಿನಲ್ಲಿ ಶಕ್ತಿಯ ಬಹುಪಾಲು ತೂಕ ಎತ್ತುವುದಕ್ಕೇ ಹೋಗುತ್ತದೆ. ಸವಾರ, ಸೈಕಲ್ ಸೇರಿ 85 ಕೆಜಿ ಇದ್ದರೆ 100 ಮೀಟರ್ ಎತ್ತರಕ್ಕೆ ಸುಮಾರು 83,000 ಜೂಲ್ ಬೇಕು. 8 ನಿಮಿಷದಲ್ಲಿ ಏರಿದರೆ 173 ವಾಟ್, ಗಾಳಿ ಮತ್ತು ಟೈರಿನ ಬಾಬ್ತು ಬೇರೆ. ಈ ಲೆಕ್ಕದಲ್ಲಿ ತೂಕ ಹೆಚ್ಚಾದಷ್ಟೂ ವಾಟ್ ಹೆಚ್ಚು. ಆದ್ದರಿಂದ ಹೆಲ್ಮೆಟ್ಟು, ಶೂಸು, ತುಂಬಿದ ಎರಡು ಬಾಟಲಿ, ಪಂಪು, ಜೇಬಿನ ಬಾಳೆಹಣ್ಣು, ಎಲ್ಲವೂ ತಕ್ಕಡಿಗೆ ಬರುತ್ತವೆ. ಆದರೆ ಸವಾರರು ಪರಸ್ಪರ ಹೋಲಿಸಿಕೊಳ್ಳುವುದು ಕಿಲೋಗೆ ಎಷ್ಟು ವಾಟ್ ಎಂಬುದರಲ್ಲಿ. ಅಲ್ಲಿ ತೂಕದಿಂದ ಭಾಗಿಸಬೇಕು. ಅದಕ್ಕೆ ನಸುಕಿನಲ್ಲೆದ್ದು, ಶೌಚ ಮುಗಿಸಿ, ಹನಿ ನೀರೂ ಕುಡಿಯದೆ, ಕನ್ನಡಕ ತೆಗೆದಿಟ್ಟು ತೂಕದ ಯಂತ್ರ ಹತ್ತುತ್ತಾನೆ. ಹೀಗೆ ಒಂದೇ ಭಾನುವಾರ ಅವನು ಬೆಟ್ಟದ ಲೆಕ್ಕದಲ್ಲಿ 76 ಕೆಜಿ, ಸ್ನೇಹಿತರ ಲೆಕ್ಕದಲ್ಲಿ 71.