ಇನ್ನೊಂದು ಗಾಳಾ ರಾಯರು

ನವಿ ಮುಂಬಯಿಯ ತುರ್ಭೆಯ ಕನ್ನಡಿಗರ ನಡುವೆ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ಊರು ಧಾರವಾಡದ ಕಡೆ, ಕೈಯಲ್ಲಿ ಎರಡು ಬಟ್ಟೆ ಚೀಲ, ಬಾಯಲ್ಲಿ ಒಂದೇ ಮಾತು: "ತಡೀರಿ, ಇನ್ನೊಂದು ಗಾಳಾ ನೋಡೂಣು." ಗಾಳಾ ಅಂದರೆ ಸಗಟು ಮಾರ್ಕೆಟ್ಟಿನ ಮಳಿಗೆ.

ಬೇರೆ ಊರಾಗಿದ್ದರೆ ನಾಲ್ಕನೆಯ ಅಂಗಡಿಗೆ ಪೇಟೆಯೇ ಮುಗಿದು ಹೋಗುತ್ತಿತ್ತು. ರಾಯರ ಗ್ರಹಚಾರ, ಮನೆ ಮಗ್ಗುಲಲ್ಲೇ ಎಪಿಎಂಸಿ. ಮುಂಬಯಿಯ ಸಗಟು ವ್ಯಾಪಾರ ಖಾಡಿ ದಾಟಿ ಬಂದು ಕೂತ ಜಾಗ ಅದು. ಉಳ್ಳಾಗಡ್ಡಿಗೆ ಒಂದು ಮಾರ್ಕೆಟ್, ಕಾಯಿಪಲ್ಯಕ್ಕೆ ಒಂದು, ಕಾಳುಕಡಿಗೆ ಒಂದು, ಮಸಾಲೆಗೆ ಒಂದು.

ಹಣ್ಣಿನ ಮಾರ್ಕೆಟ್ಟಿನ ಏಪ್ರಿಲ್ ತಿಂಗಳನ್ನಂತೂ ಕೇಳಲೇಬೇಡಿ. ದೇವಗಡದ ಹಾಪೂಸು ಮಾವು ಕೊಳ್ಳಬೇಕೋ, ರತ್ನಾಗಿರಿಯದೋ? ಅಗ್ಗಕ್ಕೆ ಸಿಗುವ ಕರ್ನಾಟಕ ಹಾಪೂಸು ತಂದರೆ ಊರಿನ ಅಭಿಮಾನ ಉಳಿಯುತ್ತದೆ, ಮರಾಠಿ ನೆರೆಮನೆಯವರ ಮುಂದೆ ಮರ್ಯಾದೆ ಹೋಗುತ್ತದೆ. 2018ರಲ್ಲಿ ಕೊಂಕಣ ಭಾಗದ ಐದು ಜಿಲ್ಲೆಗಳ ಹಾಪೂಸಿಗೆ ಭೌಗೋಳಿಕ ಗುರುತು ಸಿಕ್ಕಿತಲ್ಲ, ಆ ಪಟ್ಟಿಯಲ್ಲಿ ರಾಯರು ವಾಸವಿರುವ ಠಾಣೆ ಜಿಲ್ಲೆಯೂ ಇದೆ! ಅಲ್ಲಿಗೆ ಸ್ಥಳಾಭಿಮಾನವೂ ಎರಡಾಯಿತು. ಪೇಟಿಯ ಹುಲ್ಲು ಸರಿಸಿ, ತೊಟ್ಟು ಮೂಸಿ, ದರ ಕೇಳಿ, ಡೈರಿಯಲ್ಲಿ ಬರೆದುಕೊಂಡು ಮುಂದಿನ ಗಾಳಾಕ್ಕೆ ನಡೆಯುತ್ತಾರೆ. ತಿರುಗಿ ಬರುವಷ್ಟರಲ್ಲಿ ಮೊದಲು ನೋಡಿದ ಪೇಟಿ ಯಾರದೋ ಟೆಂಪೋ ಏರಿರುತ್ತದೆ.

ಕೊನೆಗೆ ಕೊಂಡರು ಎನ್ನಿ. ಮನೆಯಲ್ಲಿ ಹೋಳು ಬಾಯಿಗಿಟ್ಟು, "ಛಲೋ ಅದ. ಆದ್ರ ಆ ಮೂಲಿ ಗಾಳಾದಾಗಿಂದು..." ಎನ್ನುತ್ತಾರೆ. ತಿನ್ನುವುದು ತಂದ ಹಣ್ಣು, ರುಚಿ ನೋಡುವುದು ಬಿಟ್ಟುಬಂದದ್ದರದು. ಅವರ ಹೆಂಡತಿ ಸ್ಟೇಷನ್ ಎದುರಿನ ಕೈಗಾಡಿಯಲ್ಲಿ ಇದ್ದ ಒಂದೇ ಜಾತಿಯ ಹಣ್ಣು ತಂದು, ಸೀಕರಣೆ ಮಾಡಿ, ಉಂಡು ಮಲಗಿಯೂ ಆಗಿರುತ್ತದೆ.

ಒಮ್ಮೆ ರಾಯರಿಗೆ ಮನೋವಿಜ್ಞಾನಿಗಳಾದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅಮೆರಿಕದಲ್ಲಿ ನಡೆಸಿ 2000ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಿದೆ. ಅಂಗಡಿಯಲ್ಲಿ 24 ಬಗೆಯ ಜಾಮ್ ಇಟ್ಟಾಗ ಅಲ್ಲಿ ನಿಂತು ನೋಡಿದವರಲ್ಲಿ ನೂರಕ್ಕೆ 3 ಮಂದಿ ಕೊಂಡರು. 6 ಬಗೆ ಇಟ್ಟಾಗ 30 ಮಂದಿ. ರಾಯರು ಗಂಭೀರವಾಗಿ ಕೇಳಿಸಿಕೊಂಡು, "ಖರೆ. ಆದ್ರ ಆ 24ರಾಗ ಛಲೋದು ಯಾವ್ದಿತ್ತಂತ?" ಎಂದರು.

ಮಳೆ ಹಿಡಿದು ಹಾಪೂಸು ಮುಗಿದರೆ ನಿರಾಳ ಎಂದುಕೊಳ್ಳಬೇಡಿ. ಈಗೀಗ ನವೆಂಬರಿನ ಹೊತ್ತಿಗೆ ಆಫ್ರಿಕದ ಮಲಾವಿಯಿಂದಲೂ ಇದೇ ಮಾರ್ಕೆಟ್ಟಿಗೆ ಹಾಪೂಸು ಬಂದಿಳಿಯುತ್ತಿದೆ. ರಾಯರು "ಬರ್ತೀರೇನು?" ಎಂದು ಕರೆದರೆ ಖಂಡಿತ ಹೋಗಿ, ಆದರೆ ಊಟ ಮುಗಿಸಿಕೊಂಡು ಹೋಗಿ.